ಹುಚ್ಚಯ್ಯನ ಹೆಸರಿಗೆ ಹಾಕಿದ ಮಸುಕು

ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಎದುರಿಗೆ ಹೊಸದಾಗಿ ಕಟ್ಟಿದ್ದ ಫ್ಲೆಕ್ಸಿನಲ್ಲಿ 'ಹಾರ್ದಿಕ' ಎಂಬುದರ ಅರ್ಕಾವತ್ತಿನ ಅಂಚು ಒಡೆದು ಬೂದಿ ಬಣ್ಣಕ್ಕೆ ತಿರುಗಿದ್ದು ಕಂಡು ಅಶೋಕನಿಗೆ ಬೆಳಗಿನ ಕಾಫಿ ರುಚಿಸಲಿಲ್ಲ. ಅದು ಅವನ ಅಂಗಡಿಯ ಕೆಲಸವಲ್ಲ. ಅಕ್ಷರವನ್ನು ಚಿಕ್ಕದಾಗಿ ಟೈಪು ಮಾಡಿ, ಅದನ್ನು ಚಿತ್ರವನ್ನಾಗಿ ಮಾಡಿಕೊಂಡು, ಆಮೇಲೆ ನಾಲ್ಕೂ ಕಡೆಗೆ ಹಿಡಿದು ಎಳೆದಿದ್ದಾರೆ ಎಂಬುದು ರಸ್ತೆಯ ಈಚೆ ಬದಿಯಿಂದಲೇ ಅವನಿಗೆ ಗೊತ್ತಾಯಿತು. ಫ್ಲೆಕ್ಸಿನಲ್ಲಿ ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಿದ್ದ ಮನುಷ್ಯ ಕಪ್ಪು ಕನ್ನಡಕ ಹಾಕಿ, ಕೈ ಮುಗಿದು ನಗುತ್ತಿದ್ದ; ತನ್ನ ತಲೆಯ ಮೇಲೆ ಅರ್ಕಾವತ್ತು ಕೊಳೆಯುತ್ತಿರುವುದು ಅವನಿಗೆ ತಿಳಿದಿರಲಿಲ್ಲ. ಅವನ ಕೆಳಗೆ ಸ್ಟ್ಯಾಂಪ್ ಸೈಜಿನಲ್ಲಿದ್ದ ಮೂವತ್ತೆರಡು ಮಂದಿ ಅಭಿಮಾನಿಗಳಿಗೂ ತಿಳಿದಿರಲಿಲ್ಲ. ಇಡೀ ತಾಲ್ಲೂಕಿನಲ್ಲಿ ಇದನ್ನು ಕಾಣಬಲ್ಲ ಕಣ್ಣು ತನ್ನದೊಂದೇ ಎಂಬ ನಂಬಿಕೆಯ ಮೇಲೆ ಅಶೋಕ ಹದಿನಾರು ವರ್ಷದಿಂದ ಬದುಕುತ್ತಿದ್ದ. ಬೇರೆ ದಿನವಾಗಿದ್ದರೆ ಇಂಥ ಒಂದು ಒಡೆದ ಅರ್ಕಾವತ್ತು ಅವನಿಗೆ ಮಧ್ಯಾಹ್ನದ ಊಟದವರೆಗೂ ಹುರುಪು ಕೊಡುತ್ತಿತ್ತು. ಇವತ್ತು ಕೊಡಲಿಲ್ಲ. ಇವತ್ತು ಸಂಜೆ ಐದು ಗಂಟೆಗೆ, ಅವನೂರಿನ ಹೊಸ ಹಾಲಿನ ಡೇರಿಯ ಮುಂದೆ, ಅವನೇ ಅಕ್ಷರ ಕೂಡಿಸಿಕೊಟ್ಟ ಕಲ್ಲಿನ ಮೇಲಿನ ಬಟ್ಟೆ ತೆಗೆಯುವವರಿದ್ದರು. ಆ ಕಲ್ಲಿನ ಹನ್ನೊಂದು ಹೆಸರುಗಳಲ್ಲಿ ಒಂದು ಹೆಸರನ್ನು ಅವನು ಬೇಕೆಂದೇ ಕೆಡಿಸಿದ್ದ.

ಕೆಡಿಸಿದ್ದ ಎಂದರೆ ತಪ್ಪು ಬರೆದಿದ್ದನೆಂದಲ್ಲ. ಅಂಥ ಅಗ್ಗದ ಕೆಲಸ ಮಾಡುವವನಲ್ಲ ಅವನು. ಕಾಗುಣಿತ ಸರಿಯಿತ್ತು, ಸೈಜು ಉಳಿದ ಹತ್ತು ಹೆಸರುಗಳಷ್ಟೇ ಇತ್ತು, ಸಾಲು ನೆಟ್ಟಗಿತ್ತು. ಆ ಒಂದು ಹೆಸರಿನ ಅಂಚನ್ನು ಮಾತ್ರ ಕೊಂಚ ಸವರಿದ್ದ, ಅಷ್ಟೆ. ಕಂಪ್ಯೂಟರಿನೊಳಗೆ ಅಕ್ಷರಕ್ಕೆ ನಿಜವಾದ ಬಾಗು ಇರುವುದಿಲ್ಲ. ಇರುವುದೆಲ್ಲ ಚೌಕ ಚುಕ್ಕಿಗಳು. ಬಾಗು ಇದ್ದ ಹಾಗೆ ಕಾಣಲೆಂದು ಸಾಫ್ಟ್‌ವೇರು ಅಂಚಿನಲ್ಲಿ ಸ್ವಲ್ಪ ಬೂದಿ ಬಣ್ಣ ಸೇರಿಸಿ ಕಣ್ಣಿಗೆ ಮೋಸ ಮಾಡುತ್ತದೆ. ಎಷ್ಟು ಬೂದಿ, ಎಲ್ಲಿ ಬೂದಿ ಎಂಬುದರಲ್ಲಿ ಇಡೀ ವಿದ್ಯೆ ಅಡಗಿದೆ. ಕಡಿಮೆಯಾದರೆ ಅಕ್ಷರ ಮೆಟ್ಟಿಲು ಮೆಟ್ಟಿಲಾಗುತ್ತದೆ, ಹೆಚ್ಚಾದರೆ ಮಂಜು ಮುಸುಕಿದಂತಾಗುತ್ತದೆ. ಇಂಗ್ಲಿಷಿನ ನೆಟ್ಟನೆಯ ಅಕ್ಷರಗಳಿಗೆಂದು ಹುಟ್ಟಿದ ಈ ಏರ್ಪಾಡು ಕನ್ನಡದ ತಲೆಕಟ್ಟು, ಒತ್ತು, ಸುಳಿಗಳ ಹತ್ತಿರ ಬಂದಾಗ ತಡಬಡಾಯಿಸುತ್ತದೆ ಎಂಬುದನ್ನು ಅಶೋಕ ತಾನೇ ಕಂಡುಹಿಡಿದಿದ್ದ, ಅಥವಾ ಹಾಗೆಂದುಕೊಂಡಿದ್ದ. ನಾಲ್ಕು ಪಟ್ಟು ದೊಡ್ಡದಾಗಿ ಟೈಪು ಮಾಡಿ ಕೊನೆಗೆ ಇಳಿಸುವುದು, ಒತ್ತಕ್ಷರಕ್ಕೆ ಬೇರೆ ಪದರ, ಬಿಳಿ ಅಕ್ಷರಕ್ಕೆ ಒಂದು ಕೂದಲಿನಷ್ಟು ದಪ್ಪ ಜಾಸ್ತಿ, ಹೀಗೆ ಒಂದು ನೋಟ್‌ಬುಕ್ಕಿನ ತುಂಬ ಬರೆದಿಟ್ಟಿದ್ದ. ಈ ವರ್ಷ ಯುಗಾದಿಯ ಹೊತ್ತಿಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದು, ಅದರಲ್ಲಿ ಅಕ್ಷರ ಮೂಡಿಸುವ ರೀತಿಯನ್ನೇ ಸುಧಾರಿಸಿದ್ದಾರೆಂದು ತಿಳಿದಾಗ ಅವನು ಹೋಳಿಗೆ ತಿನ್ನುವುದನ್ನು ಬಿಟ್ಟು ಬೈಕು ಹತ್ತಿ ಅಂಗಡಿಗೆ ಬಂದಿದ್ದ. ಸಂಜೆ ಮನೆಗೆ ಹೋಗಿ ಹೆಂಡತಿ ಚಂದ್ರಕಲಳ ಮುಂದೆ ಹಳೆಯ 'ಕ್ಷ' ಹೊಸ 'ಕ್ಷ' ಎರಡನ್ನೂ ಮೊಬೈಲಿನಲ್ಲಿ ಹಿಡಿದ. ಅವಳು ಹಸುವಿಗೆ ಬೂಸ ಕಲಸುತ್ತಿದ್ದವಳು ಕೈ ಒರೆಸಿಕೊಂಡು ನೋಡಿ, ಎರಡೂ ಓದಕ್ಕಾಯ್ತದಲ್ಲ, ಸಾಕು ಬುಡಿ, ಅಂದಳು. ಆ ಒಂದು ಮಾತಿಗೆ ಅವನು ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದ. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ಮುದುಕಿ ಆಧಾರ್ ಕಾರ್ಡು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಜೆರಾಕ್ಸು ಎರಡು ಬೇಕು ಮಗ, ಅಂದಳು. ಅಂಗಡಿಯ ಬೋರ್ಡಿನಲ್ಲಿ 'ಜೆರಾಕ್ಸ್' ಎಂಬ ಪದವನ್ನು ಅಶೋಕ ಅತಿ ಚಿಕ್ಕ ಅಕ್ಷರದಲ್ಲಿ, ಎಡಗಡೆಯ ಮೂಲೆಯಲ್ಲಿ, ಗೋಡೆಯ ಬಣ್ಣಕ್ಕೆ ಹತ್ತಿರವಾದ ಬಣ್ಣದಲ್ಲಿ ಹಾಕಿಸಿದ್ದ. ಮೇಲೆ ಇಡೀ ಅಗಲಕ್ಕೆ 'ಅಕ್ಷರ ಡಿಜಿಟಲ್ ವಿನ್ಯಾಸ ಕೇಂದ್ರ' ಎಂದಿತ್ತು. ಆದರೂ ಬರುವವರ ಕಣ್ಣು ಹೇಗೋ ಸೀದಾ ಆ ಮೂಲೆಗೇ ಹೋಗುತ್ತಿತ್ತು. ಮೆಷಿನ್ನಿನ ಮುಚ್ಚಳದ ಕೆಳಗೆ ಹಸಿರು ಬೆಳಕು ಅತ್ತಿಂದಿತ್ತ ಹೋಗುವಾಗ ಅವನಿಗೆ ಮತ್ತೆ ಆ ಮಾತು ಕೇಳಿಸಿತು. ಮೂರು ತಿಂಗಳ ಹಿಂದೆ, ಡೇರಿ ಕಮಿಟಿಯ ಸಭೆಯಲ್ಲಿ, ಕಲ್ಲಿನಲ್ಲಿ ಯಾರ ಹೆಸರು ಬರಬೇಕು, ಅಕ್ಷರ ಯಾರು ಬರೆಯಬೇಕು ಎಂದು ಮಾತು ಬಂದಾಗ ಹುಚ್ಚಯ್ಯ ಬೀಡಿಯ ಬೂದಿ ಕೊಡವುತ್ತ, ಅದ್ಕೇನು, ಆ ಜೆರಾಕ್ಸ್ ಐದ ಅವ್ನಲ್ಲ, ಅವ್ನ ಕೈಲಿ ಒತ್ಸುದ್ರಾಯ್ತು, ಅಂದಿದ್ದ. ಅಶೋಕ ಅಲ್ಲೇ, ಎರಡು ಕುರ್ಚಿ ಆಚೆಗೆ ಕೂತಿದ್ದ. ಹೈದ ಅನ್ನಿಸಿಕೊಳ್ಳುವ ವಯಸ್ಸಲ್ಲ, ನಲವತ್ಮೂರು, ಕಿವಿಯ ಹತ್ತಿರ ನರೆ ಬಂದಿತ್ತು. ಸಭೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅದೊಂದು ತಮಾಷೆಯಾಗಿ ಕಳೆದುಹೋಗುತ್ತಿತ್ತು. ಎಲ್ಲರೂ ತಲೆಯಾಡಿಸಿ ಒಪ್ಪಿದರು. ಅಶೋಕನೂ ತಲೆಯಾಡಿಸಿದ.

ಹುಚ್ಚಯ್ಯನಿಗೆ ಎಪ್ಪತ್ತರ ಹತ್ತಿರ. ಊರಿಗೆಲ್ಲ ಮಾವ. ಡೇರಿ ಕಟ್ಟಲು ರಸ್ತೆ ಬದಿಯ ಜಾಗ ಬಿಟ್ಟುಕೊಟ್ಟವನು ಅವನೇ. ಅವನ ಹೆಸರಿಲ್ಲದೆ ಕಲ್ಲೇ ಇಲ್ಲ. ಅಶೋಕನ ತೀರಿಹೋದ ಅಪ್ಪ ಕುಳ್ಳಯ್ಯನ ಹೆಸರೂ ಅದರಲ್ಲಿತ್ತು. ಡೇರಿಯ ಬಾಗಿಲಿಗೆ ಬೇವಿನ ಮರ ಕೊಡುತ್ತೇನೆಂದು ಸಾಯುವ ಮುಂಚೆ ಹೇಳಿದ್ದ, ಅಶೋಕ ಕೊಟ್ಟಿದ್ದ. ಅಪ್ಪ ಬದುಕಿದ್ದಾಗ ಹುಚ್ಚಯ್ಯನ ಮನೆಯ ಜಗಲಿಯಲ್ಲಿ ಕೂತು ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ. ಅದೇ ಜಗಲಿಯ ಮುಂದೆ, ಹದಿನೇಳರ ಅಶೋಕ ಹುಚ್ಚಯ್ಯನ ಟ್ರಾಕ್ಟರಿನ ಟ್ರೈಲರಿಗೆ ಅವನ ಹೆಸರು ಬರೆದಿದ್ದ. ಯಾರೂ ಬರೆ ಎಂದಿರಲಿಲ್ಲ. ಎರಡು ದಿನ ಹಳದಿ ಬಣ್ಣದಲ್ಲಿ ಹೊರಗೆರೆ ಎಳೆದು, ಕೆಂಪು ತುಂಬಿ, ನೆರಳು ಕೊಟ್ಟಿದ್ದ. ಹುಚ್ಚಯ್ಯ ಗದ್ದೆಯಿಂದ ಬಂದವನು ಕಾಲು ತೊಳೆದುಕೊಂಡು, ಟವೆಲಿನಲ್ಲಿ ಮುಖ ಒರೆಸಿಕೊಂಡು, ಆಮೇಲೆ ನೋಡಿದ. ಕೋಳಿ ಕೆದರ್ದಂಗದೆ ಕಣ್ಲಾ, ಒರ್ಸಾಕು, ಅಂದ. ಸೀಮೆಎಣ್ಣೆಯ ಡಬ್ಬ ಮತ್ತು ಬನಿಯನ್ ಚೂರನ್ನು ಅಪ್ಪನೇ ತಂದುಕೊಟ್ಟ. ಅಶೋಕ ಒರೆಸಿದ. ಒರೆಸಿದಷ್ಟೂ ಹೆಸರು ಹೋಗದೆ ಹರಡಿಕೊಳ್ಳುತ್ತಿತ್ತು. ಅಂಚು ಕರಗಿ, ಕೆಂಪು ಹಳದಿಯೊಳಗೆ ಸೇರಿ, ಓದಲೂ ಬಾರದ ಅಳಿಸಲೂ ಬಾರದ ಕಲೆಯಾಗಿ ಆ ಟ್ರೈಲರು ಎಂಟು ವರ್ಷ ಅಕ್ಕಿಹೆಬ್ಬಾಳಿನ ರಸ್ತೆಯಲ್ಲಿ ಕಬ್ಬು ಹೊತ್ತು ಓಡಾಡಿತು. ಅಂಚಿನ ಬಗ್ಗೆ ತನಗೆ ಇರುವ ಹುಚ್ಚು ಅಲ್ಲಿಂದಲೇ ಶುರುವಾಯಿತೆಂದು ಅಶೋಕ ಯಾರಿಗೂ ಹೇಳಿರಲಿಲ್ಲ. ಕಲೆ ಹುಟ್ಟಿನಿಂದ ಬಂದದ್ದೆಂದು ಹೇಳಿಕೊಳ್ಳುತ್ತಿದ್ದ.

ಮುದುಕಿ ಎರಡು ಹಾಳೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ನನ್ ಮೊಕ ಕರ್ರಗೆ ಬಂದದಲ್ಲ ಮಗ, ಅಂದಳು. ಎಲ್ಲಾರ್ದೂ ಅಂಗೇ ಬರದು ಕಣಜ್ಜಿ, ಎಂದು ಕಳಿಸಿದ. ಅವಳು ಹೋದ ಮೇಲೆ ಫೈಲು ತೆಗೆದು ಮತ್ತೊಮ್ಮೆ ನೋಡಿದ. ಹದಿನೈದು ದಿನದ ಹಿಂದೆ ಒಂದು ಮಧ್ಯಾಹ್ನ, ಚಿತ್ರಾನ್ನದ ಡಬ್ಬಿ ತೊಳೆದಿಟ್ಟು, ತಣ್ಣಗಿನ ತಲೆಯಲ್ಲಿ ಮಾಡಿದ ಕೆಲಸ ಅದು. ಕಲ್ಲಿಗೆ ಬೂದಿ ಬಣ್ಣ ಗೊತ್ತಿಲ್ಲ. ಕೆತ್ತಿದರೆ ಕೆತ್ತಿದ್ದು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಹತ್ತು ಹೆಸರುಗಳಿಗೆ ಅಂಚಿನ ನಯವನ್ನು ಪೂರ್ತಿ ತೆಗೆದುಹಾಕಿ ಅಪ್ಪಟ ಕಪ್ಪು ಬಿಳುಪು ಮಾಡಿದ್ದ. ದೊಡ್ಡ ಸೈಜಿನಲ್ಲಿ ಮಾಡಿದಾಗ ಚೌಕ ಚುಕ್ಕಿಗಳು ಕಣ್ಣಿಗೆ ಬೀಳುವುದಿಲ್ಲ, ಉಳಿಗೆ ಮಾತ್ರ ಗೆರೆ ಖಡಾಖಂಡಿತವಾಗಿ ಸಿಗುತ್ತದೆ. ಇದು ಅವನದೇ ಉಪಾಯ, ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡದ್ದು. ಮೂರನೆಯ ಹೆಸರಿಗೆ ಬಂದಾಗ ಕೈ ನಿಂತಿತು. ಅಕ್ಕಪಕ್ಕ ಯಾರೂ ಇಲ್ಲದಿದ್ದರೂ ಒಮ್ಮೆ ತಿರುಗಿ ನೋಡಿ, ಅದೊಂದು ಹೆಸರಿಗೆ ಮಸುಕು ಹಾಕಿದ. ಮೊದಲು ಅರ್ಧ ಚುಕ್ಕಿಯಷ್ಟು. ಆಮೇಲೆ ಇನ್ನೊಂದು ಚೂರು. ಅಂಚು ಗೊತ್ತಾಗದೆ ಕಲ್ಲುಕುಟಿಗನ ಉಳಿ ಅಳುಕುತ್ತದೆ, ಗೀರು ತೆಳ್ಳಗೆ ಬೀಳುತ್ತದೆ, ನಾಲ್ಕು ಮಳೆಗಾಲಕ್ಕೆ ಧೂಳು ಪಾಚಿ ತುಂಬಿ ಹೋಗುತ್ತದೆ. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಮೇಲಿಂದ ಕೆಳಗೆ ಹೆಸರು ಓದುತ್ತ ಬಂದಾಗ ಅವರ ಕಣ್ಣು ಎರಡರಿಂದ ನಾಲ್ಕಕ್ಕೆ ಜಾರುತ್ತದೆ. ಯಾಕೆಂದು ಅವರಿಗೂ ತಿಳಿಯುವುದಿಲ್ಲ. ಹುಚ್ಚಯ್ಯನಿಗೂ ತಿಳಿಯುವುದಿಲ್ಲ. ಎದುರು ನಿಂತು ಒಂದು ಮಾತು ಆಡಲಾರದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಸೇಡು ಎಲ್ಲಿ ಸಿಗಬೇಕು? ಅಶೋಕನಿಗೆ ಆ ದಿನ ಖುಷಿಯೋ ಖುಷಿ. ಮಾದರಿಗೆಂದು ಒಂದು ಚಿಕ್ಕ ಚಿತ್ರ ಮಾಡಿ ಕಮಿಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದರು. ಅವರಲ್ಲಿ ಹುಚ್ಚಯ್ಯನ ಮೊಮ್ಮಗಳು ಸ್ನೇಹಳೂ ಒಬ್ಬಳು, ಅಜ್ಜನ ಪರವಾಗಿ.

ಅವತ್ತಿನಿಂದ ಇವತ್ತಿನವರೆಗೆ ಖುಷಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತ ಬಂದಿತ್ತು. ಪಾಪಪ್ರಜ್ಞೆ ಎಂದೇನೂ ಅವನು ಅದಕ್ಕೆ ಹೆಸರಿಡಲಿಲ್ಲ. ಸಿಕ್ಕಿಬೀಳುವ ಭಯ ಎಂದುಕೊಂಡ. ಎರಡೂ ಹೊಟ್ಟೆಯಲ್ಲಿ ಒಂದೇ ಜಾಗದಲ್ಲಿ ಕೂರುತ್ತವೆ. ಸಿಕ್ಕಿಬಿದ್ದರೆ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಸಿಕ್ಕಿಬೀಳದಿದ್ದರೆ ಅಷ್ಟು ಕಷ್ಟಪಟ್ಟು ಮಾಡಿದ್ದು ಯಾರಿಗೂ ಕಾಣದೆ ಹೋಗುತ್ತದೆ. ಎರಡನೆಯದೇ ಹೆಚ್ಚು ಬಾಧಿಸುತ್ತಿತ್ತೆಂದರೆ ಅವನು ಒಪ್ಪುತ್ತಿರಲಿಲ್ಲ. ಚಿನಕುರಳಿಯ ಕಲ್ಲುಕುಟಿಗ ನರಸಯ್ಯ ಕಳೆದ ವಾರ ಫೋನು ಮಾಡಿ, ಕಲ್ಲಿನ ಕೆಲಸ ಹಿಡೀಲಾ ಅಣ್ಣ, ಬಂದಿರೋದೇ ಕೊನೇದಾ, ಎಂದು ಕೇಳಿದ್ದ. ಆಗ ಅಶೋಕನ ಎದುರು ಮದುವೆ ಕಾರ್ಡಿನವರು ಕೂತಿದ್ದರು. ದೊಡ್ಡ ಫೈಲು ತಾನು ಇನ್ನೂ ಕಳಿಸಿಯೇ ಇಲ್ಲವೆಂಬುದು ಅವನಿಗೆ ಮರೆತುಹೋಗಿತ್ತು. ಗ್ರೂಪಿನಲ್ಲಿದ್ದ ಚಿಕ್ಕ ಮಾದರಿಯನ್ನು ಕಾರ್ಯದರ್ಶಿ ಚಿಕ್ಕಸ್ವಾಮಿ ಹಾಗೇ ನರಸಯ್ಯನಿಗೆ ತಳ್ಳಿದ್ದಾನೆಂಬುದು ಗೊತ್ತೇ ಇರಲಿಲ್ಲ. ಮಸುಕಾದ ಹೆಸರಿನ ಬಗ್ಗೆ ನರಸಯ್ಯ ಎಲ್ಲಿ ಕೇಳುತ್ತಾನೋ ಎಂಬ ಒಂದೇ ಯೋಚನೆಯಲ್ಲಿ, ಹೂಂ ಹಿಡೀರಿ ಹಿಡೀರಿ, ಎಂದು ಗಡಿಬಿಡಿಯಲ್ಲಿ ಫೋನಿಟ್ಟಿದ್ದ.

ನಾಲ್ಕು ಗಂಟೆಗೆ ಷಟರ್ ಎಳೆದು ಊರಿಗೆ ಹೊರಟ. ದಾರಿಯುದ್ದಕ್ಕೂ ಅಕ್ಷರಗಳು. ಲಾರಿಯ ಹಿಂದೆ, ಗೊಬ್ಬರದ ಅಂಗಡಿಯ ಮೇಲೆ, ಮೈಲಿಗಲ್ಲಿನ ಮೇಲೆ. ಹಳೆಯ ಮೈಲಿಗಲ್ಲೊಂದರ ಮೇಲೆ ಯಾರೋ ಕುಂಚದಲ್ಲಿ ಬರೆದ 'ಅಕ್ಕಿಹೆಬ್ಬಾಳು' ನೋಡಿ, ಒತ್ತಿನ ಕೆಳಗೆ ಜಾಗ ಬಿಟ್ಟಿಲ್ಲ ಎಂದುಕೊಂಡ. ಡೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಹೆಂಗಸರು ಹಾಲಿನ ಕ್ಯಾನು ಹಿಡಿದೇ ಬಂದಿದ್ದರು. ಉದ್ಘಾಟನೆ ಆದರೂ ಆಗದಿದ್ದರೂ ಹಸು ಐದಕ್ಕೆ ಹಾಲು ಕೊಡುತ್ತದೆ. ಚಂದ್ರಕಲ ಸಾಲಿನ ನಡುವೆ ನಿಂತು ಅವನ ಕಡೆ ನೋಡಿ ನಕ್ಕಳು, ಗಂಡನ ಕೆಲಸ ಇವತ್ತು ನಾಲ್ಕು ಜನರ ಮುಂದೆ ಬರುತ್ತಿದೆಯೆಂಬ ಹೆಮ್ಮೆಯಲ್ಲಿ. ಆ ನಗೆ ಅವನಿಗೆ ಚುಚ್ಚಿತು. ಹುಚ್ಚಯ್ಯ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಸ್ನೇಹಳ ಭುಜ ಹಿಡಿದು, ಮುಂದಿನ ಸಾಲಿನಲ್ಲಿ ಕೂತಿದ್ದ. ಭಾಷಣವೆಲ್ಲ ಮುಗಿದು, ಜಾಗ ಕೊಟ್ಟವರೇ ಬಟ್ಟೆ ಎಳೆಯಲಿ ಎಂದಾಗ ಎದ್ದು ಹೋಗಿ, ದಾರ ಸಿಗದೆ ಒಂದೆರಡು ಸಲ ಗಾಳಿಯಲ್ಲಿ ಕೈ ಆಡಿಸಿ, ಕೊನೆಗೆ ಎಳೆದ.

ಅಶೋಕ ಮೊದಲು ಕಂಡದ್ದು ಮೆಟ್ಟಿಲುಗಳನ್ನು. ಕರಿಯ ಕಲ್ಲಿನ ಮೇಲೆ ಹತ್ತು ಹೆಸರುಗಳ ಪ್ರತಿಯೊಂದು ಬಾಗೂ, ಪ್ರತಿಯೊಂದು ಸುಳಿಯೂ ಚೌಕ ಚೌಕವಾಗಿ ಮುರಿದುಕೊಂಡು ನಿಂತಿತ್ತು. ಒಂದೊಂದು ಚೌಕವೂ ಹುರಿಗಡಲೆಯಷ್ಟಿತ್ತು. ಅವನ ಕಂಪ್ಯೂಟರಿನ ಹೊಟ್ಟೆಯೊಳಗೆ, ಎಂಟು ಪಟ್ಟು ಜೂಮ್ ಮಾಡಿದಾಗ ಅವನೊಬ್ಬನಿಗೆ ಮಾತ್ರ ಕಾಣಬೇಕಾಗಿದ್ದ ಆ ಚುಕ್ಕಿಗಳು ಊರ ನಡುವೆ, ಬಿಸಿಲಿನಲ್ಲಿ, ಕಲ್ಲಿನಲ್ಲಿ ಕೂತಿದ್ದವು. ಚಿಕ್ಕ ಮಾದರಿಯನ್ನೇ ಹಿಗ್ಗಿಸಿ ಕಲ್ಲಿಗೆ ಅಂಟಿಸಿದ್ದಾರೆಂದು ಅವನಿಗೆ ತಿಳಿಯಲು ಒಂದು ಕ್ಷಣ ಸಾಕಾಯಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ಹತ್ತು ಗರಗಸಗಳ ನಡುವೆ, ಮೂರನೆಯ ಸಾಲಿನಲ್ಲಿ, ಹುಚ್ಚಯ್ಯನ ಹೆಸರು ಮಾತ್ರ ಬೇರೆಯೇ ಆಗಿತ್ತು. ದಪ್ಪಕ್ಕೆ, ಆಳಕ್ಕೆ, ತುಂಬಿದ ಹೊಟ್ಟೆಯ ಹಾಗೆ ದುಂಡಗೆ ಬಂದಿತ್ತು. ತಲೆಕಟ್ಟು ಒಂದೇ ಉಸಿರಿಗೆ ಎಳೆದಂತಿತ್ತು, ಒತ್ತು ತನ್ನ ಅಕ್ಷರದ ಕೆಳಗೆ ಹಾಯಾಗಿ ಕೂತಿತ್ತು, ಸಂಜೆಯ ಬಿಸಿಲು ಗೀರಿನ ಒಂದು ಬದಿಗೆ ಬಿದ್ದು ಇನ್ನೊಂದು ಬದಿಗೆ ನೆರಳು ನಿಂತಿತ್ತು. ಇಷ್ಟು ಚೆಂದದ ಅಕ್ಷರವನ್ನು ಅಶೋಕ ತನ್ನ ಹದಿನಾರು ವರ್ಷದಲ್ಲಿ ಒಂದು ಸಲವೂ ಮಾಡಿರಲಿಲ್ಲ. ಅದು ಅವನಿಗೆ ತಕ್ಷಣ ಗೊತ್ತಾಯಿತು, ಹೊಟ್ಟೆ ಉರಿಯಿತು. ಚಂದ್ರಕಲ ಕ್ಯಾನು ಕೆಳಗಿಟ್ಟು ಹತ್ತಿರ ಬಂದು ನಾಲ್ಕನೆಯ ಸಾಲಿನ ಕುಳ್ಳಯ್ಯನ ಹೆಸರಿಗೆ ಬೆರಳಿಟ್ಟು ಕೇಳಿದಳು.

"ಮಾವನ ಎಸ್ರು ಯಾಕಿಂಗೆ ಗರಗಸ್ದಂಗದೆ?"

ಎರಡು 'ಕ್ಷ'ಗಳ ನಡುವೆ ವ್ಯತ್ಯಾಸ ಕಾಣದ ಹೆಂಗಸಿಗೆ ಇದು ಕಂಡಿತ್ತು. ಅಶೋಕ ಜನರ ನಡುವೆ ನುಸುಳಿ, ಶಾಮಿಯಾನದ ಕಂಬಕ್ಕೆ ಒರಗಿ ಬೋಂಡ ತಿನ್ನುತ್ತಿದ್ದ ನರಸಯ್ಯನ ಹತ್ತಿರ ಹೋದ. ಮುದುಕನ ರೆಪ್ಪೆಯ ಮೇಲೂ ಕಲ್ಲಿನ ಪುಡಿ. ಇದೇನು ಮಾಡಿದಿರಿ ಎಂದು ಅಶೋಕ ಹಲ್ಲು ಕಚ್ಚಿ ಕೇಳಿದರೆ, ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪಾಂಡವಪುರದಲ್ಲಿ ದೊಡ್ಡದಾಗಿ ಪ್ರಿಂಟು ತೆಗೆಸಿದೆ, ಅಂಟಿಸಿದೆ, ಹೊಡೆದೆ ಎಂದ. ಮೆಟ್ಟಿಲು ಕಂಡಾಗ ವಿಚಿತ್ರ ಅನಿಸಿತಂತೆ, ಆದರೆ ಕಂಪ್ಯೂಟರಿನವರು ಮಾಡಿದ ಮೇಲೆ ಏನೋ ಕಾರಣವಿರಬೇಕು, ಈಗಿನ ಕಾಲದ ಮೋಸ್ತರು ಇರಬೇಕು ಎಂದುಕೊಂಡನಂತೆ. ಹಿಂದೊಮ್ಮೆ ಇಂಥದ್ದೇ ಒಂದು ಹಾಳೆಯ ಗೆರೆಯನ್ನು ತನ್ನ ಕೈಯಾರೆ ನೆಟ್ಟಗೆ ಮಾಡಿ ಇಂಜಿನಿಯರೊಬ್ಬನಿಂದ ಬೈಸಿಕೊಂಡಿದ್ದನಂತೆ. ಅವತ್ತಿನಿಂದ ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೊಡೆಯುವುದು ಅವನ ವ್ರತ. ಒಂದೊಂದು ಮೆಟ್ಟಿಲ ಮೂಲೆ ಬಿಡಿಸಲು ಸಣ್ಣ ಉಳಿಯೇ ಬೇಕಾಯಿತು, ಕಣ್ಣು ಹೋಯಿತು ಎಂದು ನೊಂದುಕೊಂಡ.

"ಆ ಮೂರ್ನೇದು?" ಅಶೋಕ ಕೇಳಿದ.

"ಅದೊಂದಕ್ಕೆ ಅಂಚೇ ಇರ್ನಿಲ್ಲ ಕಣಣ್ಣ. ಎಲ್ಲಿಂದ ಹೊಡೀಲಿ? ಸರಿ ಅಂತ ನಾನೇ ಸೀಮೆಸುಣ್ಣ ತಕ್ಕಂಡು ಬರ್ಕಂಡೆ. ತಪ್ಪಾಯ್ತಾ?"

ಅಷ್ಟರಲ್ಲಿ ಅಶೋಕನನ್ನು ಯಾರೋ ಕೂಗಿದರು. ಜನ ಕಲ್ಲಿನ ಮುಂದೆ ಗುಂಪುಗಟ್ಟಿದ್ದರು. ಹುಚ್ಚಯ್ಯ ಕಲ್ಲಿಗೆ ಮುಖ ತಾಗುವಷ್ಟು ಹತ್ತಿರ ನಿಂತು, ತನ್ನ ಹೆಸರಿನ ಗೀರಿನೊಳಗೆ ಬೆರಳು ಓಡಿಸುತ್ತ, ಇದ್ನ ಬರ್ದೋನ ಕರೀರಿ, ಎನ್ನುತ್ತಿದ್ದ. ಅಶೋಕನನ್ನು ಮುಂದಕ್ಕೆ ತಳ್ಳಿದರು. ಮುದುಕ ಅವನ ಎರಡೂ ಕೈ ಹಿಡಿದುಕೊಂಡ. ಊರಲ್ಲಿ ಇಷ್ಟು ಮಂದಿ ಇದ್ದಾರೆ, ತನ್ನ ಮೇಲೆ ಇಷ್ಟು ಪ್ರೀತಿ ಇರುವವನು ಕುಳ್ಳಯ್ಯನ ಮಗನೆಂದು ಇವತ್ತು ಗೊತ್ತಾಯಿತು ಎಂದ. ಅಪ್ಪನ ಹೆಸರನ್ನೂ ಹಿಂದೆ ಹಾಕಿ ತನ್ನ ಹೆಸರನ್ನು ಎತ್ತಿ ಬರೆದಿದ್ದಾನೆ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಮಾಡುತ್ತಿರಲಿಲ್ಲ ಎಂದ. ಯಾರೋ ಚಪ್ಪಾಳೆ ತಟ್ಟಿದರು. ಅಶೋಕನಿಗೆ ಅಲ್ಲೇ ಭೂಮಿ ಬಾಯಿ ತೆರೆಯಬಾರದೇ ಅನಿಸಿತು. ನಾಚಿಕೆ ಎಂಬುದು ಇಷ್ಟು ಬಿಸಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕಿವಿಯಿಂದ ಹಿಡಿದು ಅಂಗೈವರೆಗೆ ಸುಡುತ್ತಿತ್ತು, ಆ ಅಂಗೈ ಹುಚ್ಚಯ್ಯನ ಕೈಯೊಳಗಿತ್ತು. ಇನ್ನು ಹೇಳದೆ ಇರಲಾರೆ ಎಂದು, ಮುದುಕನನ್ನು ಡೇರಿಯ ಪಕ್ಕದ ಗೋಡೆಯ ಮರೆಗೆ ಕರೆದುಕೊಂಡು ಹೋದ. ಹೇಳಿದ ಮೇಲೆ ಬೈಯಲಿ, ಹೊಡೆಯಲಿ, ಊರೆಲ್ಲ ಸಾರಲಿ. ಬೈಸಿಕೊಂಡರೆ ಕನಿಷ್ಠ ಇಬ್ಬರೂ ಒಂದು ಲೆಕ್ಕಕ್ಕೆ ಬರುತ್ತಾರೆ. ತಾನು ಮಾಡಿದ್ದು ಏನೆಂದು ಒಬ್ಬನಿಗಾದರೂ ತಿಳಿಯುತ್ತದೆ.

"ಮಾವ, ಅದು ನಾನು ಬರ್ದಿದ್ದಲ್ಲ. ನಿಮ್ಮೆಸ್ರನ್ನ ನಾನು ಬೇಕೂಂತ್ಲೇ ಕೆಡ್ಸಿ ಕಳ್ಸಿದ್ದೆ. ಮಸುಕು ಮಾಡಿದ್ದೆ."

ಹುಚ್ಚಯ್ಯನಿಗೆ ತಿಳಿಯಲಿಲ್ಲ. ಅಶೋಕ ಮೊಬೈಲು ತೆಗೆದು, ಗ್ರೂಪಿನ ಚಿತ್ರ ಹುಡುಕಿ, ಮೂರನೆಯ ಸಾಲನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಅವನ ಕೈಗೆ ಕೊಟ್ಟ. ನೋಡಿ ಮಾವ, ಮೇಲಿನದರ ಅಂಚು ನೋಡಿ, ನಿಮ್ಮದರ ಅಂಚು ನೋಡಿ, ಎಂದು ತೋರಿಸಿದ. ಟ್ರೈಲರಿನ ವಿಷಯವನ್ನೂ ಸೀಮೆಎಣ್ಣೆಯ ವಿಷಯವನ್ನೂ ಹೇಳಿದ. ಜೆರಾಕ್ಸ್ ಐದ ಅಂದದ್ದನ್ನೂ ಹೇಳಿದ. ಮುದುಕ ಮೊಬೈಲನ್ನು ದೂರ ಹಿಡಿದ, ಹತ್ತಿರ ಹಿಡಿದ, ಬಿಸಿಲಿಗೆ ಹಿಡಿದ. ಟ್ರೈಲರು ಅವನಿಗೆ ನೆನಪಿರಲಿಲ್ಲ. ಮಾರಿ ಎಷ್ಟೋ ಕಾಲವಾಯಿತು ಎಂದ.

"ಎಲ್ಲಾ ಒಂದೇ ತರ ಅವಲ್ಲಪ್ಪ," ಅಂದ ಕೊನೆಗೆ. "ನಂಗೆ ಎಲ್ಡ್ ವರ್ಸದಿಂದ ಎಲ್ಲಾ ಇಂಗೇ ಕಾಣದು. ಪೊರೆ ಬಂದದೆ. ನಿನ್ ಮೊಕಾನೂ ಇಂಗೇ ಕಾಣ್ತಾ ಅದೆ. ಆ ಕಲ್ಲಲ್ಲಿರೋದ್ನ ಮಾತ್ರ ನಾನೇ ಓದ್ಕಂಡೆ ಕಣಪ್ಪ, ಯಾರ್ನೂ ಕೇಳ್ನಿಲ್ಲ."

ಮೊಬೈಲು ವಾಪಸು ಕೊಟ್ಟು, ಅಶೋಕನ ಕೆನ್ನೆ ತಟ್ಟಿ, ಗೋಡೆ ಹಿಡಿದುಕೊಂಡು ಜನರ ಕಡೆ ಹೋದ. ಅಲ್ಲಿ ಹೋಗಿ ಹೇಳಿದ್ದು ಅಶೋಕನಿಗೂ ಕೇಳಿಸಿತು. ಎಂಥ ದೊಡ್ಡ ಮನುಷ್ಯ ನೋಡಿ, ತಾನೇ ಮಾಡಿ ತಾನು ಮಾಡಿಲ್ಲ ಅಂತಾನೆ, 'ನಾನು ಕೆಟ್ಟವನು' ಅಂತ ಬೇರೆ ಹೇಳಿಕೊಳ್ಳುತ್ತಾನೆ, ಕುಳ್ಳಯ್ಯನೂ ಹೀಗೇ ಇದ್ದ. ಗೋಡೆಯ ಮರೆಯಿಂದ ಈಚೆ ಬಂದ ಅಶೋಕನ ಕಡೆ ಜನ ಗೌರವದಿಂದ ನೋಡಿದರು. ಇಷ್ಟು ವರ್ಷ ಅವನು ಆಸೆಪಟ್ಟದ್ದೇ ಆ ನೋಟ.

ಗೌರವದ ಬೆನ್ನಿಗೇ ತಕರಾರು ಬಂತು. ಉಳಿದ ಮನೆಯವರಿಗೆ ಅಷ್ಟರಲ್ಲಿ ಕಣ್ಣು ಬಂದಿತ್ತು. ಮರಳು ಕೊಟ್ಟ ಅಣ್ಣಮ್ಮ ತನ್ನ ಗಂಡನ ಹೆಸರನ್ನು ಇಲಿ ಕಚ್ಚಿದೆಯೆಂದಳು. ಕಬ್ಬಿಣ ಕೊಟ್ಟವರು, ತಂತಿ ಎಳೆಸಿದವರು ಎಲ್ಲರೂ ಸೇರಿದರು. ಒಬ್ಬನಿಗೆ ಒಂದು, ಉಳಿದವರಿಗೆ ಒಂದು ಮಾಡುವುದು ಯಾವ ನ್ಯಾಯ ಎಂದು ಚಿಕ್ಕಸ್ವಾಮಿಯನ್ನು ಹಿಡಿದುಕೊಂಡರು. ಮಾದರಿಯನ್ನು ಕಳಿಸಿದವನು ತಾನೇ ಎಂಬುದನ್ನು ಮರೆತೇಬಿಟ್ಟಿದ್ದ ಚಿಕ್ಕಸ್ವಾಮಿ ಅಶೋಕನ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ. "ಹುಚ್ಚಯ್ಯಮಾವಂದ ಎಂಗ್ ಕಳ್ಸುದ್ಯೋ ಎಲ್ಲಾರ್ದೂ ಅಂಗೇ ಕಳ್ಸ್‌ಬುಡು. ಕೆಳ್ಗಡೆ ಅಕ್ಷರ ಬರ್ದೋನು ಅಂತ ನಿನ್ನೆಸ್ರೂ ಹಾಕಣ," ಎಂದ. ಅಶೋಕ ಬೇಡ ಅನ್ನಬೇಕೆಂದು ಬಾಯಿ ತೆರೆದ. ತೆರೆದ ಬಾಯಿಗೆ ಯಾರೋ ಮೈಸೂರುಪಾಕು ಇಟ್ಟರು.

ಎರಡು ದಿನದ ಮೇಲೆ ಕಲ್ಲನ್ನು ಬಿಚ್ಚಿ ಗೂಡ್ಸ್ ಆಟೋದಲ್ಲಿ ಚಿನಕುರಳಿಗೆ ಸಾಗಿಸಿದರು. ಮೇಲುಮೈ ಅಕ್ಕಿಕಾಳಿನಷ್ಟು ಉಜ್ಜಿ ತೆಗೆದರೆ ಮೆಟ್ಟಿಲುಗಳೆಲ್ಲ ಹೋಗುತ್ತವೆ, ಹುಚ್ಚಯ್ಯನದು ಆಳಕ್ಕಿದೆ, ಅದು ಉಳಿಯುತ್ತದೆ ಎಂದು ನರಸಯ್ಯ ಹೇಳಿದ. ಅಶೋಕ ಫೋನಿನಲ್ಲಿ ಕೊನೆಯ ಸಲ ವಾದ ಮಾಡಿದ. ದೊಡ್ಡ ಫೈಲು ಕಳಿಸುತ್ತೇನೆ, ಅದರಲ್ಲಿ ಒಂದು ಮೆಟ್ಟಿಲೂ ಇಲ್ಲ, ಕೂದಲೆಳೆಯಷ್ಟು ಸ್ಪಷ್ಟವಾಗಿದೆ, ಹೊಸ ಆವೃತ್ತಿಯಲ್ಲಿ ಮಾಡಿದ್ದು ಎಂದ. ನರಸಯ್ಯ, ಬೇಡ ಅಣ್ಣ, ಅಂದ. ಗೆರೆ ಕಂಡರೆ ತನ್ನ ಕೈ ಅದರ ಹಿಂದೆಯೇ ಹೋಗುತ್ತದೆ, ಕಾಣದಿದ್ದರೆ ಮಾತ್ರ ತನ್ನದು ಬರುತ್ತದೆ. ಬರೀ ಹೆಸರುಗಳ ಪಟ್ಟಿ ಕೊಡಲೇ ಎಂದರೆ ಅದೂ ಆಗದು. ಸಾಲಿನ ಅಳತೆ, ನಡುವಿನ ಜಾಗ ಹಾಳೆಯಲ್ಲೇ ಬೇಕು, ಅಕ್ಷರ ಮಾತ್ರ ಆ ಮೂರನೆಯದರ ಹಾಗೆ ಇರಲಿ.

ಹಾಗೆ, ಒಂದು ಮಧ್ಯಾಹ್ನ, ತಾಲ್ಲೂಕಿನಲ್ಲೇ ಅಚ್ಚುಕಟ್ಟಾದ ಅಕ್ಷರ ಮಾಡುವವನೆಂದು ತನ್ನನ್ನು ತಾನು ನಂಬಿದ್ದ ಮನುಷ್ಯ ಹೆಸರುಗಳನ್ನು ಒಂದೊಂದಾಗಿ ಕೆಡಿಸಲು ಕೂತ. ಮೊದಲನೆಯದಕ್ಕೆ ಮಸುಕು ಹಾಕಿದ. ಎರಡನೆಯದಕ್ಕೆ ಹಾಕಿದ. ನೋಟ್‌ಬುಕ್ಕು ಪಕ್ಕದಲ್ಲೇ ಇತ್ತು, ಅದರಲ್ಲಿ ಇದಕ್ಕೆ ಉಪಾಯವೇನೂ ಬರೆದಿರಲಿಲ್ಲ. ಆಮೇಲೆ ಅಪ್ಪನ ಹೆಸರು ಬಂತು. ಇದೊಂದನ್ನು ನಾಲ್ಕು ಪಟ್ಟು ದೊಡ್ಡದಾಗಿ ಮಾಡಿ, ಮೂರು ಸಲ ತಿದ್ದಿದ್ದ. 'ಳ್ಳ'ದ ಒತ್ತು ಎಲ್ಲೂ ತಾಗದ ಹಾಗೆ ಜಾಗ ಬಿಟ್ಟಿದ್ದ. ಅಪ್ಪ ಬದುಕಿದ್ದಾಗ ಅವನಿಗಾಗಿ ಇಷ್ಟು ನಿಗಾ ಕೊಟ್ಟು ಏನನ್ನೂ ಮಾಡಿರಲಿಲ್ಲವೆಂಬುದು ಅವನಿಗೆ ಈಗ ಹೊಳೆದು ಅಳು ಬಂತು. ಅಳುತ್ತಲೇ ಮಸುಕಿನ ಸಂಖ್ಯೆ ಏರಿಸಿದ. ಅಂಚು ಕರಗಿತು. ಕೊನೆಯ ಸಾಲಿನಲ್ಲಿ 'ಅಕ್ಷರ' ಎಂದು ಟೈಪು ಮಾಡಿ, ಮುಂದೆ ಯಾರ ಹೆಸರು ಹಾಕಬೇಕೆಂದು ಯೋಚಿಸಿದ. ಯೋಚಿಸಿದ್ದು ನಿಜ. ನರಸಯ್ಯನದು ಎಂಬುದು ಅವನ ಮನಸ್ಸಿಗೆ ಬಂದದ್ದೂ ನಿಜ. ಅಷ್ಟು ಹೊತ್ತಿಗೆ ಯಾರೋ ಜೆರಾಕ್ಸಿಗೆ ಬಂದರು. ಅವರನ್ನು ಕಳಿಸಿ ಬಂದು, ತನ್ನ ಹೆಸರು ಹಾಕಿ, ಉಳಿದವುಗಳಿಗಿಂತ ಒಂದು ಚೂರು ಹೆಚ್ಚೇ ಮಸುಕು ಕೊಟ್ಟು ಕಳಿಸಿಬಿಟ್ಟ.

ಸಂಜೆಯೊಳಗೆ ಚಿನಕುರಳಿಯಿಂದ ಫೋನು ಬಂತು. ಹಿಂದೆ ಕಲ್ಲು ಉಜ್ಜುವ ಮೆಷಿನ್ನಿನ ಸದ್ದು.

"ಸರಿ ಓಯ್ತು ಬುಡಣ್ಣ," ನರಸಯ್ಯ ಖುಷಿಯಲ್ಲಿದ್ದ. "ಈಗ ಒಂದೂ ನೆಟ್ಗೆ ಕಾಣಾಕಿಲ್ಲ. ಇನ್ ನಾನು ನೋಡ್ಕತೀನಿ. ಪಟ್ಟಿಯೋರ್ದೆಲ್ಲಾ ನಂಗೆ ಗೊತ್ತು, ಕಟ್ಟಕಡೇಲಿ ಯಾರ್ದೋ ಇನ್ನೊಂದ್ ಎಸ್ರದೆ, ಅದ್ ಮಾತ್ರ ಏನ್ ಮಾಡುದ್ರೂ ಓದಾಕಾಯ್ತಿಲ್ಲ. ಬಾಯಲ್ಲೇ ಯೋಳ್ಬುಡಿ, ಅಕ್ಷರ ಬರ್ದೋರು ಯಾರಂತೆ?"

ಅಶೋಕ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಮೆಲ್ಲಗೆ ತನ್ನ ಹೆಸರು ಹೇಳಿದ. ಮೆಷಿನ್ನಿನ ಸದ್ದಿಗೆ ಮುದುಕನಿಗೆ ಕೇಳಿಸಲಿಲ್ಲ; ಇನ್ನೊಂದು ಸಲ, ಗಟ್ಟಿಯಾಗಿ ಹೇಳಬೇಕಾಯಿತು.